ಎರಡು ಕವಳಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ನಾನು ಅದನ್ನು ಒಪ್ಪುತ್ತಿರಲಿಲ್ಲ. ಒಪ್ಪದೆ ಇನ್ನಷ್ಟು ಸಿಟ್ಟಿಗೇಳುತ್ತಿದ್ದೆ. ಈಗ ವಯಸ್ಸಾಗಿದೆ, ಸಿಟ್ಟು ಮೂಗಿನಿಂದ ಇಳಿದು ಮೊಣಕಾಲಿಗೆ ಬಂದು ಕೂತಿದೆ. ಆದರೂ ಒಬ್ಬ ಹಿರಿಯರ ಮೇಲೆ, ಎರಡು ಮುಳ್ಳಿನ ಗಿಡಗಳ ಸಲುವಾಗಿ, ಊರ ಮಂದಿಯ ಎದುರಿಗೆ ನಾನು ಹರಿಹಾಯ್ದದ್ದು ನೆನಪಾದರೆ ಮುಖ ಬಿಸಿಯಾಗುತ್ತದೆ. ಒಬ್ಬ ಹುಡುಗಿಯ ಓದು ಆ ಗಿಡಗಳಿಗೆ ತಗುಲಿಕೊಂಡಿದೆ ಎಂಬುದು ನನಗೆ ಆಗ ತಿಳಿದಿರಲಿಲ್ಲ.

ತೊಂಬತ್ತರ ದಶಕದ ಮಾತು. ಹರಪನಹಳ್ಳಿಯವಳಾದ ನನಗೆ ಮೊದಲ ನೌಕರಿ ಸಿಕ್ಕಿದ್ದು ಕೂಡ್ಲಿಗಿ ತಾಲ್ಲೂಕಿನಲ್ಲಿ, ಹೊಸಹಳ್ಳಿಯಿಂದ ಒಳಗೆ ನಡೆದು ಹೋಗಬೇಕಾದ ಒಂದು ಸಣ್ಣ ಊರಿನ ಶಾಲೆಯಲ್ಲಿ. ಊರ ಹೊರಗೆ ಮೂರು ಕೋಣೆ. ಮುಂದೆ ರಸ್ತೆ, ಹಿಂದೆ ಹೊಲಗಳಿಗೆ ಹೋಗುವ ಬಂಡಿದಾರಿ, ಅದರಾಚೆ ಶೇಂಗಾ ಹೊಲ, ಹೊಲ ಮುಗಿದಲ್ಲಿ ಬಂಡೆಗಲ್ಲಿನ ಗುಡ್ಡ. ಕಾಂಪೌಂಡ್ ಇಲ್ಲ, ಶೌಚಾಲಯದ ಸುದ್ದಿಯೇ ಇಲ್ಲ. ಪಾಠದ ನಡುವೆ ಕುರಿಗಳು ಒಳಗೆ ಬಂದು ಕರಿಹಲಗೆಯನ್ನು ನೋಡಿ ಹೋಗುತ್ತಿದ್ದವು. ನಾನು ಊರಿನಲ್ಲೇ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ.

ಸೇರಿದ ವಾರದಲ್ಲೇ ಹಾಜರಿ ಪುಸ್ತಕಗಳನ್ನು ತಿರುವಿದೆ. ಒಂದನೆಯ ತರಗತಿಯಲ್ಲಿ ಅರ್ಧಕ್ಕರ್ಧ ಹುಡುಗಿಯರು. ಐದನೆಯದರಲ್ಲಿ ನಾಲ್ವರು. ಏಳನೆಯದರಲ್ಲಿ ಒಬ್ಬಳೂ ಇಲ್ಲ. ಸಿಟ್ಟು ನೆತ್ತಿಗೇರಿತು. ಮನೆಮನೆಗೆ ಹೋಗಿ ಹೆಣ್ಣುಮಕ್ಕಳ ಓದಿನ ಮೇಲೆ ಭಾಷಣ ಬಿಗಿದೆ. ಎಲ್ಲರೂ ಚಹಾ ಕೊಟ್ಟರು, ತಲೆಯಾಡಿಸಿದರು, "ಹೌದ್ರಿ ಅಕ್ಕೋರ" ಎಂದರು. ಆ ಕಡೆ ಟೀಚರಿಗೆ ಅಕ್ಕೋರು ಎನ್ನುತ್ತಾರೆ. ಯಾರೂ ನನ್ನ ಮಾತಿಗೆ ಎದುರಾಡಲಿಲ್ಲ, ಯಾರೂ ಕೇಳಿಸಿಕೊಳ್ಳಲೂ ಇಲ್ಲ.

ಮೂರನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಮಗ್ಗಿಯನ್ನು ಹಿಂದಿನಿಂದ ಮುಂದಕ್ಕೆ ಹೇಳುವವಳು. ಮಂಡಕ್ಕಿ ಕಟ್ಟಿಕೊಟ್ಟ ಪೇಪರಿನ ಚೂರನ್ನು ಮಂಡಕ್ಕಿಗಿಂತ ಮೊದಲು ಮುಗಿಸುವವಳು. ಅವಳ ಅಪ್ಪ ಅವ್ವ ಹೊಲಮನೆ ಮಾಡುವ ಲಿಂಗಾಯತರು, ಉಣ್ಣಲು ಉಡಲು ಕೊರತೆಯಿಲ್ಲ. ಇವಳನ್ನಾದರೂ ಏಳನೆಯ ತರಗತಿ ದಾಟಿಸುತ್ತೇನೆ ಎಂದು ನನ್ನೊಳಗೇ ಹಟ ಹಿಡಿದೆ. ಅವಳ ಅವ್ವನಿಗೆ ಹಾಗೆಂದು ಹೇಳಿದಾಗ ಆಕೆ ರಾಗಿ ಬೀಸುವುದನ್ನು ನಿಲ್ಲಿಸದೆ ಹೇಳಿದಳು:

"ಐದು ಮುಗಸ್ಲಿ ಅಕ್ಕೋರ, ಸಾಕು. ಮ್ಯಾಲೆ ಬಾಳಂದ್ರ ಮೈನೆರಿಯೋ ತನಕ. ಆಮ್ಯಾಲ ಕಳಸಂಗಿಲ್ಲ."

"ಯಾಕೆ?" ಎಂದೆ, ಭಾಷಣಕ್ಕೆ ಸಜ್ಜಾಗಿ.

"ನಿಮ್ಮ ಸಾಲ್ಯಾಗ ಒಂದು ಮರಿ ಐತೇನ್ರಿ?"

ನನಗೆ ಅರ್ಥವಾಗಲಿಲ್ಲ. "ಮರಿಯಾ? ಕುರಿಮರಿ ಯಾಕೆ ಬೇಕು ಶಾಲೆಗೆ?" ಎಂದುಬಿಟ್ಟೆ. ಆಕೆ ಬೀಸುವ ಗೂಟ ಬಿಟ್ಟು, ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಮರಿ ಅಲ್ಲ, ಮರೆ. ನಮ್ಮ ಕಡೆ 'ಮನೆ' ಎನ್ನುವುದು ಅಲ್ಲಿ 'ಮನಿ', 'ಮರೆ' ಎನ್ನುವುದು 'ಮರಿ'. ನಗು ಮುಗಿದ ಮೇಲೆ ಮೆಲ್ಲಗೆ ಹೇಳಿದಳು: "ಗಂಡುಹುಡುಗ್ರು ಎಲ್ಲಿ ಬೇಕಾದಲ್ಲಿ ನಿಲ್ತಾವು. ಇಕಿ ದೊಡ್ಡಾಕಿ ಆದಮ್ಯಾಲ ಎಲ್ಲಿ ಕುಂದರಬೇಕ್ರಿ? ಬಂಡಿದಾರ್ಯಾಗ ಇಡೀ ಊರು ತಿರಗಾಡ್ತೈತಿ. ಈಗ ನೋಡ್ರಿ, ಮುಂಜಾಲಿಂದ ಸಂಜಿತನ ಹನಿ ನೀರು ಕುಡಿಯಂಗಿಲ್ಲ ನಿಮ್ಮ ಸಾಲ್ಯಾಗ."

ಭಾಷಣವನ್ನು ಅಲ್ಲಿಗೇ ಬಿಟ್ಟು ಎದ್ದೆ. ಏಕೆಂದರೆ ನಾನೂ ಕುಡಿಯುತ್ತಿರಲಿಲ್ಲ. ಮಧ್ಯಾಹ್ನದ ಗಂಟೆ ಬಾರಿಸಿದ ಕೂಡಲೇ ಓಡುವ ಹೆಜ್ಜೆಯಲ್ಲಿ ಬಾಡಿಗೆ ಮನೆಗೆ ಹೋಗಿಬರುತ್ತಿದ್ದೆ. ನನ್ನ ಮೈಗೆ ಗೊತ್ತಿದ್ದ ಕಾರಣ ತಲೆಗೆ ಹೊಳೆದಿರಲಿಲ್ಲ. ಶಾಲೆಗೆ ಮರೆ ಇಲ್ಲ ಎಂದು ಊರಲ್ಲಿ ಕಂಡವರ ಮುಂದೆಲ್ಲ ಹೇಳಿಕೊಂಡು ತಿರುಗಿದೆ. ಹೆಡ್‌ಮಾಸ್ತರರನ್ನು ಕೇಳಿದರೆ, "ಇಲಾಖೆಗೆ ಬರದೀವಿ ಮೇಡಂ, ಬಂದಾಗ ಬರ್ತದ" ಎಂದು ಕನ್ನಡಕ ಒರೆಸಿಕೊಂಡರು. ಒಳ್ಳೆಯ ಮನುಷ್ಯ. ಅವರ ಕನ್ನಡಕ ಸದಾ ಸ್ವಚ್ಛವಾಗಿರುತ್ತಿತ್ತು.

ದಸರಾ ರಜೆ ಹತ್ತಿರ ಬಂತು. ರಜೆಗೆ ಮುಂಚೆ ಶಾರದಾ ಪೂಜೆ ಇಟ್ಟು, ಊರ ತಾಯಂದಿರನ್ನೆಲ್ಲ ಕರೆದು, ಕೂಡಿಸಿಕೊಂಡು ಮಾತಾಡೋಣ ಎಂದುಕೊಂಡೆ. ಕರೆದ ಮೇಲೆ ಎಲೆ ಅಡಿಕೆ ಕೊಡಬೇಕಲ್ಲ. ಊರಿನಲ್ಲಿ ಗಾದಿ ಹೊಲಿಯುವ ಪಿಂಜಾರ ಅಜ್ಜ ಒಬ್ಬರಿದ್ದರು. ಹತ್ತಿ ಹಿಂಜುವ ಬಿಲ್ಲನ್ನು ಸೈಕಲ್ಲಿಗೆ ಕಟ್ಟಿಕೊಂಡು ಊರೂರು ತಿರುಗುವವರು, ಕೊಟ್ಟೂರು ಸಂತೆಯನ್ನು ಒಂದು ವಾರವೂ ತಪ್ಪಿಸದವರು. ಅವರು ಶಾಲೆಯ ಮುಂದೆ ಹೋಗುತ್ತಿದ್ದಾಗ ಕೂಗಿ ಹೇಳಿದೆ: "ಅಜ್ಜಾ, ಸಂತೆಗೆ ಹೋದ್ರೆ ಎರಡು ಕವಳಿ ತಗಂಡ್ ಬರ್ರಿ. ನಾಳೆ ಪೂಜೆಗೆ ಬೇಕು."

ನಮ್ಮ ಮನೆಯಲ್ಲಿ ವೀಳ್ಯದೆಲೆಯ ಕಟ್ಟಿಗೆ ಕವಳಿ ಎನ್ನುತ್ತಿದ್ದೆವು. ಎಲೆ ಎಂದು ಬೇರೆ ಹೇಳುವ ರೂಢಿಯೇ ಇರಲಿಲ್ಲ. ಆದರೆ ಈ ಗುಡ್ಡದ ಬುಡದ ಊರಿನಲ್ಲಿ ಕವಳಿ ಎಂದರೆ ಒಂದೇ: ಗುಡ್ಡದ ಮೈಗೆಲ್ಲ ಹಬ್ಬಿಕೊಂಡ ಮುಳ್ಳುಕಂಟಿ. ಬೇಸಿಗೆಯಲ್ಲಿ ಮಲ್ಲಿಗೆಯ ಹಾಗೆ ಬಿಳಿ ಹೂ ಬಿಟ್ಟು ಘಮಘಮಿಸುವುದು, ಆಮೇಲೆ ಕರಿ ಹಣ್ಣು ಬಿಟ್ಟು ಮಕ್ಕಳಿಗೂ ಕರಡಿಗೂ ಪೈಪೋಟಿ ಹಚ್ಚುವುದು. ನನಗೆ ಅದರ ಹಣ್ಣಿನ ಉಪ್ಪಿನಕಾಯಿ ಗೊತ್ತಿತ್ತು, ಗಿಡ ಗೊತ್ತಿರಲಿಲ್ಲ.

ಮರುದಿನ ಮುಂಜಾನೆ ತಾಯಂದಿರು ಬಂದು ಕೂತಿದ್ದಾರೆ, ಶಾರದೆಯ ಫೋಟೋಕ್ಕೆ ಹಾರ ಹಾಕಿದೆ, ತಟ್ಟೆಯಲ್ಲಿ ಅಡಿಕೆ ಇದೆ, ಎಲೆ ಇಲ್ಲ. ಆಗ ಅಜ್ಜ ಬಂದರು. ಸೈಕಲ್ಲಿನ ಕ್ಯಾರಿಯರ್ ಮೇಲೆ ಒದ್ದೆ ಗೋಣಿತಾಟಿನಲ್ಲಿ ಬೇರುಸಮೇತ ಸುತ್ತಿದ ಎರಡು ಮುಳ್ಳುಗಿಡ. ಮುಂಗೈಗಳ ಮೇಲೆಲ್ಲ ಗೀರು.

"ಇದೇನಿದು?" ಎಂದೆ.

"ಕವಳಿರಿ. ಎರಡು."

ಹೆಂಗಸರಲ್ಲಿ ಒಬ್ಬಳು ಕಿಸಕ್ಕೆಂದಳು. ನನಗೆ ಅಷ್ಟೇ ಸಾಕಾಯಿತು. ನಿಮಗೆ ಬುದ್ಧಿ ಇದೆಯೇ, ಪೂಜೆಗೆ ಯಾರಾದರೂ ಮುಳ್ಳು ತರುತ್ತಾರೆಯೇ, ಎಲೆ ತರಲು ಹೇಳಿದರೆ ಗುಡ್ಡ ಅಗೆದು ತಂದಿದ್ದೀರಲ್ಲ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಅಜ್ಜ ಒಂದಿಷ್ಟೂ ಬೇಸರ ಮಾಡಿಕೊಳ್ಳಲಿಲ್ಲ. ನಾನು ಉಸಿರು ತೆಗೆದುಕೊಳ್ಳಲು ನಿಂತಾಗ ಹೇಳಿದರು: "ಎಲಿ ಅಂದಿದ್ರ ಎಲಿ ತರ್ತಿದ್ದೆ ಅಕ್ಕೋರ. ಕವಳಿ ಅಂದ್ರಿ. ಸಂತ್ಯಾಗ ಕವಳಿ ಎಲ್ಲಿ ಸಿಗಬೇಕ್ರಿ? ಹಣ್ಣಂದ್ರ ಇದು ಹಣ್ಣಿನ ಕಾಲ ಅಲ್ಲ. ಸಾಲಿಗಿ ಮರಿ ಇಲ್ಲ ಅಂತ ಅಕ್ಕೋರು ಊರೆಲ್ಲ ಅಂದುಕೊಂತ ತಿರಗಾಕತ್ಯಾರ, ಬೇಲಿ ಹಚ್ಚಾಕ ಕೇಳ್ಯಾರ ಅಂತ ತಿಳಕೊಂಡೆ. ಸಂತಿ ಬಿಟ್ಟು ಗುಡ್ಡಕ್ಕ ಹೋಗಿದ್ದೆ."

ಸಂತೆ ಬಿಟ್ಟು. ವಾರದ ಸಂತೆ. ನಾನು ಆ ಮಾತನ್ನು ಆಗ ಕಿವಿಗೆ ಹಾಕಿಕೊಳ್ಳಲಿಲ್ಲ. ತಾಯಂದಿರಿಗೆ ಬರೀ ಅಡಿಕೆ ಕೊಟ್ಟು ಕಳಿಸಿದೆ, ನಾನಂದುಕೊಂಡಿದ್ದ ಮಾತುಗಳೆಲ್ಲ ಹಾಗೇ ಉಳಿದವು. ಅಜ್ಜ ಮಾತ್ರ ಹಿತ್ತಲಿಗೆ ಹೋಗಿ, ಶಾಲೆಯ ಹಿಂಗೋಡೆ ಮುಗಿಯುವ ಮೂಲೆಯಲ್ಲಿ ಕುಣಿ ತೋಡಿ, ಎರಡೂ ಗಿಡಗಳನ್ನು ನೆಟ್ಟು, ಕೈ ತೊಳೆದುಕೊಂಡು ಹೋದರು.

ಆ ಬೇಸಿಗೆ ಭಾರಿ ಇತ್ತು. ಶಾಲೆಯ ಮುಂದಿನ ಬೇವಿನ ಮರ ಕೂಡ ಎಲೆ ಉದುರಿಸಿ ನಿಂತಿತು, ಹೊಲ ಬೂದಿಯ ಬಣ್ಣಕ್ಕೆ ಬಂತು. ರಜೆ ಮುಗಿಸಿ ಜೂನಿನಲ್ಲಿ ಬಂದು ನೋಡಿದರೆ ಆ ಎರಡು ಗಿಡ ಮಾತ್ರ ಎಣ್ಣೆ ಹಚ್ಚಿದ ಹಾಗೆ ಹಸಿರಾಗಿ ಹೊಳೆಯುತ್ತಿವೆ. ಎರಡು ತಿಂಗಳಿಂದ ಯಾರೂ ನೀರು ಹಾಕಿರಲಿಲ್ಲ. ಬಗ್ಗಿ ನೋಡಿದೆ. ಒಂದು ಕಡ್ಡಿ ಒಂದು ಗೇಣು ಬೆಳೆದು ಎರಡಾಗುತ್ತದೆ, ಎರಡಾದದ್ದು ಮತ್ತೆ ಎರಡಾಗುತ್ತದೆ. ಕವಲಿನಲ್ಲಿ ಮುಳ್ಳು, ಆ ಮುಳ್ಳಿಗೂ ಕವಲು. ಎಲ್ಲವೂ ಒಂದರೊಳಗೊಂದು ತಂತಿಯ ಹಾಗೆ ಸಿಕ್ಕಿಕೊಂಡಿವೆ. ಕುರಿಗಳು ದೂರದಿಂದಲೇ ಮೂಸಿ ಹೋಗುತ್ತಿದ್ದವು. ಆಗ ನನ್ನ ತಲೆಯಲ್ಲಿ ದೀಪ ಹತ್ತಿತು. ಮರೆ ಎಂದರೆ ಗೋಡೆಯೇ ಆಗಬೇಕೆಂದು ಎಲ್ಲಿದೆ?

ಅಜ್ಜನ ಮನೆಗೆ ಹೋದೆ. ಕ್ಷಮೆ ಕೇಳಬೇಕೆಂದೇ ಹೋಗಿದ್ದೆ. ಬಾಗಿಲಲ್ಲಿ ನಿಂತು ಬಾಯಿ ತೆರೆದರೆ, "ಅಜ್ಜಾ, ಇನ್ನೂ ಕವಳಿ ಬೇಕಾಗಿತ್ತು" ಎಂದು ಬಂತು. ಅವರು ಹಿಂಜುತ್ತಿದ್ದ ಹತ್ತಿಯ ನಡುವೆ ಕೂತು, ಗಡ್ಡದ ತುಂಬ ಹತ್ತಿಯ ಎಳೆ ಮೆತ್ತಿಕೊಂಡು ಕೇಳಿದರು: "ಯಾವ ಕವಳಿರಿ? ಬಿಡಿಸಿ ಹೇಳ್ರಿ ಈ ಸಲ."

ಬೇಲಿ ಹಚ್ಚುವ ಕ್ರಮವನ್ನು ಅವರೇ ಕಲಿಸಿದರು. ದೊಡ್ಡ ಗಿಡ ಕಿತ್ತು ತಂದರೆ ಹತ್ತರಲ್ಲಿ ಎಂಟು ಸಾಯುತ್ತವೆ, ಆ ಎರಡು ಬದುಕಿದ್ದು ನಿಮ್ಮ ಸಿಟ್ಟಿಗೆ ಹೆದರಿ ಎಂದರು. ಬೀಜ ಹಾಕಬೇಕು, ಅದೂ ಹಸಿ ಬೀಜ, ಹಣ್ಣಿನಿಂದ ನೇರ ಮಣ್ಣಿಗೆ. ಹಿಂಗೋಡೆಯ ಎರಡು ತುದಿಯಿಂದ ಬಂಡಿದಾರಿಯ ತನಕ, ಅಲ್ಲಿಂದ ಅಡ್ಡಕ್ಕೆ, ಒಂದು ಕೋಣೆಯಷ್ಟು ಜಾಗ ಬಿಟ್ಟು ಮಕ್ಕಳ ಕೈಯಲ್ಲಿ ಗೆರೆ ತೋಡಿಸಿದೆವು. ಗುಡ್ಡದಲ್ಲಿ ಕಡೆಯ ಹಣ್ಣುಗಳು ಇನ್ನೂ ಇದ್ದವು. ಮಕ್ಕಳು ಜೇಬು ತುಂಬ, ಲಂಗದ ಮಡಿಲ ತುಂಬ ತಂದರು. ಒಬ್ಬರ ಮುಂದೆ ಒಬ್ಬರು ಹಿಡಿದು, "ಹುಂಜ ಏನ ಹ್ಯಾಟಿ?" ಎಂದು ಪಂಥ ಕಟ್ಟಿ ಕಚ್ಚುವುದು. ಒಳಗೆ ಕೆಂಪಿದ್ದರೆ ಹುಂಜ, ಬೆಳ್ಳಗಿದ್ದರೆ ಹ್ಯಾಟಿ, ಅಂದರೆ ಹೆಣ್ಣುಕೋಳಿ. ಗೆದ್ದವರೂ ಸೋತವರೂ ಬೀಜವನ್ನು ಗೆರೆಯೊಳಗೆ ಉಗುಳಬೇಕು. ಶಾಲೆಯ ಗೋಡೆಯ ಮೇಲೆ 'ಕಂಡಲ್ಲಿ ಉಗುಳಬಾರದು' ಎಂದು ನಾನೇ ಬರೆಸಿದ್ದೆ. ಅದರ ಬುಡದಲ್ಲೇ ಸಾಲಾಗಿ ನಿಂತು, ತುಟಿಗೆಲ್ಲ ಸೊನೆ ಅಂಟಿಸಿಕೊಂಡು, ಇಡೀ ಶಾಲೆ ಒಂದು ವಾರ ಉಗುಳಿತು.

ನನ್ನ ಹುಡುಗಿ ಆಗ ನಾಲ್ಕನೆಯ ತರಗತಿ. ಎಲ್ಲರಿಗಿಂತ ಹೆಚ್ಚು ಉಗುಳಿದವಳು ಅವಳೇ.

ಮಳೆಗೆ ಮೊಳಕೆ ಬಂತು. ಆಮೇಲೆ ಶುರುವಾಯಿತು ನನ್ನ ಸಂಕಟ. ಕವಳಿ ಸಾಯುವುದಿಲ್ಲ ನಿಜ, ಆದರೆ ಅದಕ್ಕೆ ಅವಸರವೂ ಇಲ್ಲ. ಮೊದಲ ವರ್ಷ ಒಂದು ಗೇಣು. ಹುಡುಗಿಯರಿಗೆ ಅಂಥ ತಾಳ್ಮೆ ಎಲ್ಲಿ? ಅವಳು ಜೂನಿಗೊಮ್ಮೆ ಬಂದಾಗ ಹಳೆಯ ಲಂಗ ಮೊಣಕಾಲಿಗೆ ಏರಿರುತ್ತಿತ್ತು. ಬೇರೆ ಟೀಚರುಗಳು ಮಕ್ಕಳು ಎತ್ತರ ಬೆಳೆದರೆ ಸಂತೋಷಪಡುತ್ತಾರೆ. ನಾನೊಬ್ಬಳೇ, ಇನ್ನೊಂದು ವರ್ಷ ಹೀಗೇ ಇರು ತಾಯಿ ಎಂದು ಬೇಡಿಕೊಂಡವಳು. ಐದನೆಯದು ಮುಗಿಯಿತು. ಅವಳ ಅವ್ವ, "ಇನ್ನೂ ಸಣ್ಣಾಕಿ ಅದಾಳ, ಹೋಗ್ಲಿ" ಎಂದು ಆರಕ್ಕೆ ಕಳಿಸಿದಳು. ನಾನು ಉಸಿರು ಬಿಟ್ಟೆ.

ಅಜ್ಜ ವಾರಕ್ಕೊಮ್ಮೆ ಸಂತೆಗೆ ಹೋಗುವಾಗ ಸೈಕಲ್ ನಿಲ್ಲಿಸಿ ಬೇಲಿಯ ಹತ್ತಿರ ಕೂರುತ್ತಿದ್ದರು. ಎಳೆಯ ಕುಡಿಗಳನ್ನು ಮುರಿಯದ ಹಾಗೆ ಬಗ್ಗಿಸಿ, ಒಂದು ಗಿಡದ ತಲೆಯನ್ನು ಪಕ್ಕದ ಗಿಡದ ಕಂಕುಳಲ್ಲಿ ತೂರಿಸುತ್ತಿದ್ದರು. "ಹತ್ಯಾಗಿನ ಗಂಟು ಬಿಡಸೋದು ನನ್ನ ಕೆಲಸ ಅಕ್ಕೋರ. ಈಗ ಮುಪ್ಪಿನ ಕಾಲಕ್ಕ ಗಂಟು ಹಾಕಾಕ ಹಚ್ಚೀರಿ" ಎಂದು ನಗುತ್ತಿದ್ದರು. ಮುಳ್ಳು ಚುಚ್ಚಿದಾಗ ಬೆರಳನ್ನು ಬಾಯಿಗಿಟ್ಟುಕೊಂಡು ಮತ್ತೆ ಕೈ ಹಾಕುತ್ತಿದ್ದರು. ಅವರಿಗೆ ಆ ಶಾಲೆಯಲ್ಲಿ ಮಗಳೂ ಇರಲಿಲ್ಲ, ಮೊಮ್ಮಗಳೂ ಇರಲಿಲ್ಲ. ತಪ್ಪಾಯಿತು ಅಜ್ಜ ಎಂದು ಬಾಯಿಬಿಟ್ಟು ಒಮ್ಮೆಯೂ ಹೇಳಲಿಲ್ಲ ನಾನು. ಹೇಳಬೇಕಿತ್ತು. ಅವರು ಹೋಗಿ ಎಷ್ಟೋ ವರ್ಷವಾಯಿತು; ನನ್ನ ಬದುಕಿನಲ್ಲಿ ನಾನು ಯಾರಿಗೆ ಋಣಿ ಎಂದು ಕೇಳಿದರೆ ಮೊದಲು ಬಾಯಿಗೆ ಬರುವುದು ಅವರ ಹೆಸರೇ.

ಆರನೆಯ ತರಗತಿಯ ಸಂಕ್ರಾಂತಿ ಕಳೆದ ಮೇಲೆ ಅವಳು ದೊಡ್ಡವಳಾದ ಸುದ್ದಿ ಬಂತು. ಆರತಿಗೆ ನನ್ನನ್ನೂ ಕರೆದರು. ಹಸಿರು ಬಳೆ ತೊಟ್ಟು ಕೂತಿದ್ದ ಅವಳು ನನ್ನ ಮುಖ ನೋಡಲಿಲ್ಲ. ಹೋಳಿಗೆ ಉಂಡೆ, ರುಚಿ ಹತ್ತಲಿಲ್ಲ. ಒಂದು ವಾರ ಕಳೆಯಿತು, ಎರಡು ವಾರ ಕಳೆಯಿತು. ಹಾಜರಿ ಕೂಗುವಾಗ ಅವಳ ಹೆಸರು ಬಂದರೆ ಇಡೀ ತರಗತಿ ಬಾಗಿಲ ಕಡೆ ನೋಡುತ್ತಿತ್ತು.

ಮೂರನೆಯ ವಾರ ತಡೆಯಲಾರದೆ ಅವರ ಮನೆಗೆ ನುಗ್ಗಿದೆ. "ಮರೆ ಇಲ್ಲ ಅಂದ್ರಿ. ಮೂರು ವರ್ಷದಿಂದ ಬೆಳೆಸ್ತಾ ಇದೀವಿ. ಒಮ್ಮೆನಾದ್ರೂ ಬಂದು ನೋಡಿದ್ರಾ?" ಎಂದೆ. ದನಿ ಏರಿತ್ತು. ಅವಳ ಅವ್ವ ನನ್ನನ್ನೇ ನೋಡಿದಳು. ಒಲೆಯ ಮೇಲಿದ್ದುದನ್ನು ಇಳಿಸಿ, ಬೆಂಕಿ ಹಿಂದಕ್ಕೆಳೆದು, "ನಡ್ರಿ" ಎಂದಳು.

ಮಟಮಟ ಮಧ್ಯಾಹ್ನ. ಮಕ್ಕಳು ಊಟಕ್ಕೆ ಹೋಗಿದ್ದರು. ಆಕೆ ಬೇಲಿಯ ಸುತ್ತ ಒಂದು ಸುತ್ತು ಹಾಕಿದಳು. ನಿಂತವರ ಸೊಂಟದಷ್ಟು ಎತ್ತರ ಬಂದಿತ್ತು, ಕೂತವರ ತಲೆ ಮುಚ್ಚುವಷ್ಟು. ಬಾಯಿಗೆ ಬಿಟ್ಟಿದ್ದ ಸಂದಿಯಲ್ಲಿ ತೂರಿ ಒಳಗೆ ಹೋದಳು. ಒಳಗಿನಿಂದ ಹೇಳಿದಳು: "ಅಕ್ಕೋರ, ನೀವು ಹೋಗಿ ಬಂಡಿದಾರ್ಯಾಗ ನಿಂದರ್ರಿ. ನಾ ಕುಂದರ್ತೀನಿ. ಕಾಣ್ತೀನೋ ಇಲ್ಲೋ ಹೇಳ್ರಿ."

ನಾನು ಹೋಗಿ ನಿಂತೆ. ಆಕೆ ಕೆಂಪು ಸೀರೆ ಉಟ್ಟಿದ್ದಳು. ಎತ್ತರವೇನೋ ಸಾಕಾಗಿತ್ತು, ಆದರೆ ಬೇಲಿ ಇನ್ನೂ ತೆಳ್ಳಗಿತ್ತು. ಆ ತಂತಿಯಂಥ ಕಡ್ಡಿಗಳ ನಡುವೆ, ಎಲೆ ಕಡಿಮೆಯಿದ್ದ ಬುಡದ ಹತ್ತಿರ, ಕೆಂಪು ಬಣ್ಣ ಚೂರು ಚೂರಾಗಿ ಕಾಣುತ್ತಿತ್ತು. ಮೂರು ವರ್ಷದ ಕೆಲಸ. ಕಾಣುವುದಿಲ್ಲ ಎಂದು ಒಂದು ಮಾತು ಹೇಳಿದರೆ ಹುಡುಗಿ ನಾಳೆ ಬರುತ್ತಾಳೆ. ಬೇಲಿ ಇನ್ನೊಂದು ವರ್ಷಕ್ಕೆ ದಟ್ಟವಾಗುತ್ತದೆ, ಅಲ್ಲಿಯ ತನಕ ಯಾರು ಇಣುಕುತ್ತಾರೆ? ಆ ಮಾತು ನಾಲಿಗೆಯ ತುದಿಗೆ ಬಂದಿತ್ತು, ಸುಳ್ಳೇಕೆ ಹೇಳಲಿ. ಬಂದಿತ್ತು.

ಹಾಗೆ ನಿಂತಿದ್ದಾಗ ಒಂದು ಎತ್ತಿನ ಬಂಡಿ ಬಂತು. ಹೊಡೆಯುವವನು ನನ್ನ ಕಡೆ ನೋಡಿ, ನಾನು ನೋಡುತ್ತಿದ್ದ ಕಡೆ ನೋಡಿ, ಏನೂ ತಿಳಿಯದೆ ಮುಂದೆ ಹೋದ. ಅಲ್ಲಿ ಕೂರಬೇಕಾದವಳು ಹನ್ನೆರಡು ವರ್ಷದ ಹುಡುಗಿ.

"ಕಾಣ್ತೀರಿ" ಎಂದೆ. "ನಿಮ್ಮ ಸೀರೆ ಕಾಣ್ತೈತೆ."

ಆಕೆ ಎದ್ದಳು. ಹೊರಗೆ ಬಂದು, ಸೆರಗಿಗೆ ಸಿಕ್ಕ ಮುಳ್ಳನ್ನು ಬಿಡಿಸಿಕೊಳ್ಳಲು ಸ್ವಲ್ಪ ಹೊತ್ತು ನಿಂತಳು. ಬಿಡಿಸಿಕೊಂಡು ಮನೆಯ ದಾರಿ ಹಿಡಿದಳು. ನಾನು ಖಾಲಿ ತರಗತಿಯಲ್ಲಿ ಕೂತು, ಯಾರ ಮೇಲೆ ಸಿಟ್ಟು ಮಾಡಬೇಕೆಂದು ಹುಡುಕಿದೆ. ಯಾರೂ ಸಿಗಲಿಲ್ಲ.

ಮರುದಿನ ಪ್ರಾರ್ಥನೆಗೆ ಮುಂಚೆ ಬಂದು ನೋಡಿದರೆ, ಆಕೆ ಹಿತ್ತಲಲ್ಲಿದ್ದಾಳೆ. ಬಗಲಲ್ಲಿ ಹಳೆಯ ಸೀರೆಗಳ ಗಂಟು. ಒಂದೊಂದನ್ನೇ ಬಿಚ್ಚಿ ಬೇಲಿಯ ಮೇಲೆ ಒಳಮೈಗೆ ಇಳಿಬಿಡುತ್ತಿದ್ದಾಳೆ. ಹಗ್ಗ ಇಲ್ಲ, ಗೂಟ ಇಲ್ಲ. ಅಂಗೈಯಿಂದ ಒಮ್ಮೆ ಒತ್ತಿದರೆ ಸಾಕು, ಸಾವಿರ ಕವಲುಮುಳ್ಳುಗಳು ಬಟ್ಟೆಯನ್ನು ಕಚ್ಚಿ ಹಿಡಿಯುತ್ತಿದ್ದವು. ಗಾಳಿ ಬೀಸಿತು, ಸೀರೆ ಕದಲಲಿಲ್ಲ. ಸಂದಿಯ ಬಾಯಲ್ಲಿ ಹುಡುಗಿ ನಿಂತಿದ್ದಳು, ಹೆಗಲಿಗೆ ಪಾಟಿಚೀಲ ಹಾಕಿಕೊಂಡು.

ಅವಳ ಅವ್ವ ಹೇಳಿದಳು, ಕೊನೆಯ ಸೀರೆಯ ಅಂಚನ್ನು ಒತ್ತುತ್ತ: "ಕಾಣಂಗಿಲ್ಲ ಅಂತ ನೀವು ಅಂದಿದ್ರ, ನಾ ಇಕಿನ್ನ ಕಳಸ್ತಿದ್ದಿಲ್ಲ ಅಕ್ಕೋರ. ನನ್ನ ಸೀರಿ ಕೆಂಪಂದು. ಕಾಣ್ತೈತಿ ಅಂತ ನನಗ ಗೊತ್ತಿತ್ತು. ನೀವು ಏನಂತೀರಿ ಅಂತ ನೋಡಾಕ ಕುಂತಿದ್ದೆ."

ಇಷ್ಟು ಹೇಳಿ ಆಕೆ ಹೊಲಕ್ಕೆ ಹೋದಳು. ಅಂದು ಹುಡುಗಿ ತರಗತಿಯಲ್ಲಿ ನೀರು ಕುಡಿದಳು, ಎರಡು ಲೋಟ, ಎಲ್ಲರೂ ನೋಡುವ ಹಾಗೆ. ಸಣ್ಣ ಬಿಡುವಿನಲ್ಲಿ ಎದ್ದು ಹಿತ್ತಲಿಗೆ ಹೋದಳು. ನಾನು ಸುತ್ತಿ ಬಳಸಿ ಬಂಡಿದಾರಿಗೆ ಹೋಗಿ, ನಿನ್ನೆ ನಿಂತಲ್ಲೇ ನಿಂತು ನೋಡಿದೆ. ಏನೂ ಕಾಣಲಿಲ್ಲ.